ಡಿಲೀಟ್ ಮಾಡಿದೆ, ಡಿಸ್ಕ್ ಮಾತ್ರ ಕದಲಲಿಲ್ಲ

ಭಾನುವಾರ ರಾತ್ರಿ ಊಟ ಮುಗಿಸಿ ಕೈ ತೊಳೆಯುತ್ತಿದ್ದೆ. ಫೋನಿಗೆ ಅಲರ್ಟ್ ಬಂತು. ಡೇಟಾಬೇಸ್ ಸರ್ವರ್‌ನ 200 ಜಿಬಿ ಡಿಸ್ಕಿನಲ್ಲಿ 182 ಜಿಬಿ ತುಂಬಿದೆಯಂತೆ. ನಮ್ಮದು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್. ಅದರ ವಾಲ್ ಫೈಲ್ (ಪ್ರತಿ ಬದಲಾವಣೆಯನ್ನೂ ಮೊದಲು ಬರೆದಿಡುವ ಲಾಗ್) ಬರೆಯಲು ಜಾಗ ಸಿಗದಿದ್ದರೆ ಸರ್ವರ್ ಅಲ್ಲೇ ಮಲಗಿಬಿಡುತ್ತದೆ. ಲ್ಯಾಪ್‌ಟಾಪ್ ತೆಗೆದು ಕೂತೆ.

ಯಾವ ಟೇಬಲ್ ಎಷ್ಟು ಜಾಗ ತಿನ್ನುತ್ತಿದೆ ಎಂದು ನೋಡುವುದು ಮೊದಲ ಕೆಲಸ. ಎಂದೋ ಬರೆದಿಟ್ಟ ಕ್ವೆರಿಯೊಂದು ನನ್ನ ಹತ್ತಿರ ಇತ್ತು. ಓಡಿಸಿದರೆ ಪಟ್ಟಿಯ ತಲೆಯಲ್ಲಿ 992 ಕೆಬಿಯ ಒಂದು ಚಿಲ್ಲರೆ ಟೇಬಲ್! ಸ್ವಲ್ಪ ಹೊತ್ತು ಪೆಚ್ಚಾಗಿ ನೋಡಿದೆ. ಆಮೇಲೆ ಹೊಳೆಯಿತು. ಸೈಜನ್ನು ಓದಲು ಸುಲಭವಾಗಲಿ ಎಂದು ಪಿಜಿ ಸೈಜ್ ಪ್ರೆಟಿ ಎಂಬ ಫಂಕ್ಷನ್ ಹಾಕಿದ್ದೆ, ಪಟ್ಟಿಯನ್ನು ಜೋಡಿಸುವ ಆರ್ಡರ್ ಬೈ ಕೂಡ ಅದರ ಮೇಲೆಯೇ ಕೊಟ್ಟಿದ್ದೆ. ಪ್ರೆಟಿ ಕೊಡುವುದು ಸಂಖ್ಯೆಯನ್ನಲ್ಲ, ಅಕ್ಷರವನ್ನು. ಅಕ್ಷರದ ಲೆಕ್ಕದಲ್ಲಿ 9 ದೊಡ್ಡದು, 4 ಚಿಕ್ಕದು, ಅಷ್ಟೇ. ತೋರಿಸುವುದಕ್ಕೆ ಪ್ರೆಟಿ ಇರಲಿ, ಜೋಡಿಸುವುದು ಮಾತ್ರ ಬರೀ ಬೈಟ್‌ಗಳ ಮೇಲೆ. ಸರಿ ಮಾಡಿದೆ.

ಈಗ ಬಂದ ಪಟ್ಟಿಯಲ್ಲಿ ಎಲ್ಲ ಟೇಬಲ್ ಕೂಡಿಸಿದರೂ 43 ಜಿಬಿ. ಇಡೀ ಡೇಟಾಬೇಸಿನ ಅಳತೆ ಕೊಡುವ ಪಿಜಿ ಡೇಟಾಬೇಸ್ ಸೈಜ್ ಕೇಳಿದರೆ 158 ಅನ್ನುತ್ತಿದೆ. ನಡುವಿನ 115 ಜಿಬಿ ಎಲ್ಲಿ ಹೋಯಿತು?

ಟೀಮಿನ ಹಿರಿಯರೊಬ್ಬರಿಗೆ ಮೆಸೇಜ್ ಹಾಕಿದೆ. ಅವರಿಂದ ಒಂದೇ ಸಾಲು ಬಂತು: "ಟೋಸ್ಟ್ ಸೇರಿಸಿ ನೋಡಿದ್ರೇನ್ರೀ?"

ಬೆಂಗಳೂರಿನಲ್ಲಿ ಟೋಸ್ಟ್ ಅಂದರೆ ಅಯ್ಯಂಗಾರ್ ಬೇಕರಿಯ ನೆನಪೇ ಮೊದಲು ಬರುವುದು. ಪೋಸ್ಟ್‌ಗ್ರೆಸ್‌ನ ಟೋಸ್ಟ್ ಬೇರೆ, ಅದು ಮನೆಯ ಅಟ್ಟ ಇದ್ದಂತೆ. ಪೋಸ್ಟ್‌ಗ್ರೆಸ್ ಡೇಟಾವನ್ನು 8 ಕೆಬಿಯ ಪೇಜ್‌ಗಳಲ್ಲಿ ಇಡುತ್ತದೆ. ಒಂದು ಸಾಲು ಸುಮಾರು 2 ಕೆಬಿ ದಾಟಿತೋ, ಅದರ ದಪ್ಪ ಕಾಲಂಗಳನ್ನು ಒತ್ತಿ ಚಿಕ್ಕದು ಮಾಡಲು ನೋಡುತ್ತದೆ. ಆಗಲೂ ಹಿಡಿಸದಿದ್ದರೆ ಅಟ್ಟಕ್ಕೆ ಹಾಕಿ, ಕೆಳಗೆ ಒಂದು ಚೀಟಿ ಮಾತ್ರ ಇಡುತ್ತದೆ. ಪಿಜಿ ರಿಲೇಶನ್ ಸೈಜ್ ಅಳೆಯುವುದು ಬರೀ ನಡುಮನೆಯನ್ನು, ಅಂದರೆ ಮೂಲ ಟೇಬಲ್ಲನ್ನು. ಪಿಜಿ ಟೇಬಲ್ ಸೈಜ್ ಅಂದರೆ ಅಟ್ಟವೂ ಸೇರಿತು. ಇಂಡೆಕ್ಸ್‌ಗಳೂ (ಸಾಲುಗಳನ್ನು ಬೇಗ ಹುಡುಕಲು ಇಡುವ ಸೂಚಿಗಳು) ಬೇಕೆಂದರೆ ಪಿಜಿ ಟೋಟಲ್ ರಿಲೇಶನ್ ಸೈಜ್. ನಾನು ಮೊದಲನೆಯದನ್ನು ಕೇಳಿ, ಮೂರನೆಯದರ ಉತ್ತರ ಸಿಕ್ಕಿತು ಅಂದುಕೊಂಡಿದ್ದೆ. ಈ ಫಂಕ್ಷನ್ ಹೆಸರುಗಳನ್ನು ಬರೆಯುವಾಗ ಪದಗಳ ನಡುವೆ ಅಂಡರ್‌ಸ್ಕೋರ್ ಹಾಕಿ, ಟೇಬಲ್ ಹೆಸರನ್ನು ಬ್ರಾಕೆಟ್ಟಿನಲ್ಲಿ ಕೊಟ್ಟರೆ ಆಯಿತು.

ಟೋಟಲ್ ಹಾಕಿದ ತಕ್ಷಣ ಕಳ್ಳ ಸಿಕ್ಕಿದ. ಪೇಮೆಂಟ್ ಲಾಗ್ ಟೇಬಲ್. ಮೊದಲ ಪಟ್ಟಿಯಲ್ಲಿ ಬರೀ 4 ಜಿಬಿ ಇದ್ದದ್ದು ಈಗ 96. ಇಂಡೆಕ್ಸ್ 11, ಉಳಿದ 81 ಅಟ್ಟದಲ್ಲಿ. ಪ್ರತಿ ಪಾವತಿಗೆ ಬ್ಯಾಂಕಿನ ಕಡೆಯಿಂದ ಬರುವ ಉತ್ತರವನ್ನು ಇಡಿಯಾಗಿ ಜೇಸನ್ ಕಾಲಂಗೆ ಸುರಿಯುತ್ತಿದ್ದ ಕೋಡ್ ಅದು. ಡೀಬಗ್ ಮಾಡಲು ಬೇಕಾಗುತ್ತದೆ, ಒಂದು ವಾರ ಇರಲಿ ಎಂದು ಎರಡು ವರ್ಷದ ಹಿಂದೆ ಬರೆದವನು ಬೇರೆ ಯಾರೂ ಅಲ್ಲ, ನಾನೇ.

90 ದಿನಕ್ಕಿಂತ ಹಳೆಯದು ಯಾರಿಗೂ ಬೇಡ ಎಂದು ಮ್ಯಾನೇಜರ್ ಹತ್ತಿರ ಖಚಿತ ಮಾಡಿಕೊಂಡೆ. ಹತ್ತತ್ತು ಸಾವಿರ ಸಾಲಿನಂತೆ ಡಿಲೀಟ್ ಮಾಡುತ್ತಾ ಹೋದೆ. ಬೆಳಗಿನ ಜಾವ ಮೂರಕ್ಕೆ ಮುಗಿಯಿತು. ಸೈಜ್ ನೋಡಿದೆ: 96 ಜಿಬಿ. ಒಂದು ಎಂಬಿಯೂ ಇಳಿದಿಲ್ಲ.

ಇದು ಹೀಗೇ ಎಂದು ಓದಿ ಗೊತ್ತಿತ್ತು. ಆದರೆ ರಾತ್ರಿ ಮೂರು ಗಂಟೆಗೆ ಕಣ್ಣಾರೆ ನೋಡುವುದೇ ಬೇರೆ. ಮದುವೆ ಊಟದ ಪಂಕ್ತಿ ನೆನಪಿಸಿಕೊಳ್ಳಿ. ಡಿಲೀಟ್ ಅಂದರೆ ಉಂಡವರು ಎದ್ದುಹೋದರು ಅಂತ ಮಾತ್ರ. ಎಲೆ ಇನ್ನೂ ಅಲ್ಲೇ ಇದೆ. ಡಿಲೀಟ್ ಆದ ಸಾಲುಗಳನ್ನು ಗುಡಿಸುವ ವ್ಯಾಕ್ಯೂಮ್ ಬಂದು ಎಲೆ ಎತ್ತಬೇಕು, ಆಗ ಆ ಜಾಗದಲ್ಲಿ ಮುಂದಿನ ಪಂಕ್ತಿ ಕೂರಬಹುದು. ಎಲೆ ಎತ್ತಿದ್ದಕ್ಕೆ ಛತ್ರವೇನೂ ಚಿಕ್ಕದಾಗುವುದಿಲ್ಲ, ಅಲ್ವಾ? ಫೈಲ್ ಅಷ್ಟೇ ಉದ್ದ ಉಳಿಯುತ್ತದೆ. ಒಳಗೆ ಖಾಲಿ ಇರುತ್ತದೆ, ಅಷ್ಟೇ. ಫೈಲಿನ ಬಾಲದ ಪೇಜ್‌ಗಳು ಪೂರ್ತಿ ಖಾಲಿಯಾಗಿದ್ದರೆ ಮಾತ್ರ ಅಷ್ಟನ್ನು ಕತ್ತರಿಸಿ ವಾಪಸ್ ಕೊಡುತ್ತದೆ.

ನನ್ನ ಗ್ರಹಚಾರಕ್ಕೆ ಎಲೆಯೂ ಎತ್ತಿರಲಿಲ್ಲ. ಪಿಜಿ ಸ್ಟ್ಯಾಟ್ ಯೂಸರ್ ಟೇಬಲ್ಸ್‌ನಲ್ಲಿ ಸತ್ತ ಸಾಲುಗಳ ಲೆಕ್ಕ ಇರುತ್ತದೆ. ಕೈಯಿಂದ ವ್ಯಾಕ್ಯೂಮ್ ಓಡಿಸಿದರೂ ಅದು ಇಳಿಯಲಿಲ್ಲ. ಪಂಕ್ತಿಯಲ್ಲಿ ಯಾರೋ ಒಬ್ಬರು ಇನ್ನೂ ಉಣ್ಣುತ್ತಿದ್ದಾರೆ ಅಂತಲೇ ಅರ್ಥ. ಯಾರ್‍ಯಾರು ಕನೆಕ್ಟ್ ಆಗಿದ್ದಾರೆ ಎಂದು ತೋರಿಸುವ ಪಿಜಿ ಸ್ಟ್ಯಾಟ್ ಆ್ಯಕ್ಟಿವಿಟಿಯಲ್ಲಿ ಹುಡುಕಿದೆ. ಶುಕ್ರವಾರ ಸಂಜೆ ಶುರುವಾದ ಒಂದು ಟ್ರಾನ್ಸಾಕ್ಷನ್, ಸ್ಥಿತಿ 'ಐಡಲ್ ಇನ್ ಟ್ರಾನ್ಸಾಕ್ಷನ್'. ಯಾರೋ ರಿಪೋರ್ಟ್ ತೆಗೆಯಲು ಕನೆಕ್ಟ್ ಆಗಿ, ಕಮಿಟ್ ಮಾಡಿ ಟ್ರಾನ್ಸಾಕ್ಷನ್ ಮುಗಿಸದೆ ಮನೆಗೆ ಹೋಗಿದ್ದರು. ಅವರ ಕಣ್ಣಿಗೆ ಹಳೆಯ ಸಾಲುಗಳು ಇನ್ನೂ ಕಾಣಬೇಕಾಗಬಹುದು ಎಂದು ಪೋಸ್ಟ್‌ಗ್ರೆಸ್ ಮರ್ಯಾದೆಯಿಂದ ಕಾಯುತ್ತಿತ್ತು. ಆ ಸೆಷನ್ ಕಿತ್ತು ಹಾಕಿ, ಮತ್ತೆ ವ್ಯಾಕ್ಯೂಮ್ ಓಡಿಸಿದೆ. ಸತ್ತ ಸಾಲುಗಳು ಹೋದವು. ಡಿಸ್ಕ್ ಇಳಿಯಲಿಲ್ಲ. ಏರುವುದಂತೂ ನಿಂತಿತು.

ವ್ಯಾಕ್ಯೂಮ್ ಫುಲ್ ಹಾಕಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಅದು ಚಿಕ್ಕದೊಂದು ಛತ್ರ ಕಟ್ಟಿ, ಉಳಿದವರನ್ನೆಲ್ಲ ಅಲ್ಲಿಗೆ ಕರೆದೊಯ್ದು, ಆಮೇಲೆ ಹಳೆಯದನ್ನು ಕೆಡವುತ್ತದೆ. ಹೊಸದು ಕಟ್ಟುವಷ್ಟು ಜಾಗ ಮೊದಲೇ ಇರಬೇಕು. ನನ್ನ ಹತ್ತಿರ ಇದ್ದದ್ದು 18 ಜಿಬಿ, ಬದುಕಿದ್ದ ಡೇಟಾ ಅದಕ್ಕಿಂತ ಜಾಸ್ತಿ. ಸಾಲದ್ದಕ್ಕೆ, ಅದು ಮುಗಿಯುವ ತನಕ ಟೇಬಲ್ಲನ್ನು ಯಾರೂ ಓದುವ ಹಾಗೂ ಇಲ್ಲ. ತುಂಬಿದ ಡಿಸ್ಕಿನಲ್ಲಿ ಅದನ್ನು ಮುಟ್ಟಬಾರದು ಎಂಬುದು ನನ್ನ ಅಭಿಪ್ರಾಯ. ಸೋಮವಾರ ಬೆಳಗ್ಗೆ ಪೇಮೆಂಟ್ ನಿಂತಿದೆ ಎಂದು ಫೋನ್ ಬರುವುದು ನನಗೆ ಬೇಕಿರಲಿಲ್ಲ.

ತಕ್ಷಣ ಉಸಿರಾಡಲು ಜಾಗ ಕೊಟ್ಟಿದ್ದು ಇಂಡೆಕ್ಸ್. ಪಿಜಿ ಸ್ಟ್ಯಾಟ್ ಯೂಸರ್ ಇಂಡೆಕ್ಸಸ್‌ನಲ್ಲಿ ಒಂದೊಂದು ಇಂಡೆಕ್ಸ್ ಎಷ್ಟು ಸಲ ಬಳಕೆಯಾಗಿದೆ ಎಂಬ ಎಣಿಕೆ ಇದೆ. ಈ ಟೇಬಲ್‌ನದೇ ಒಂದು 7 ಜಿಬಿ ಇಂಡೆಕ್ಸಿಗೆ ಎಣಿಕೆ ಸೊನ್ನೆ. ಇದೇ ಡೇಟಾದ ನಕಲು ಇರುವ ರೆಪ್ಲಿಕಾ ಸರ್ವರ್‌ನ ಎಣಿಕೆ ಬೇರೆಯೇ ಇರುತ್ತದೆ, ಅದನ್ನು ನೋಡದೆ ಡ್ರಾಪ್ ಮಾಡಿದರೆ ಅಲ್ಲಿ ಓಡುವ ರಿಪೋರ್ಟ್‌ಗಳು ಒದ್ದಾಡುತ್ತವೆ. ಅಲ್ಲೂ ಸೊನ್ನೆ ಇತ್ತು. ಒಂದೇ ಮೌಲ್ಯ ಎರಡು ಸಲ ಬರದಂತೆ ತಡೆಯುವ ಯುನಿಕ್ ಇಂಡೆಕ್ಸ್ ಅಲ್ಲ ಎಂಬುದನ್ನೂ ನೋಡಿಕೊಂಡು, ಬೇರೆಯವರ ಕೆಲಸ ತಡೆಯದೆ ತೆಗೆಯುವ ಡ್ರಾಪ್ ಇಂಡೆಕ್ಸ್ ಕನ್‌ಕರೆಂಟ್ಲಿ ಕೊಟ್ಟೆ. 7 ಜಿಬಿ ಆಗಲೇ ವಾಪಸ್ ಬಂತು. ಆಮೇಲೆ ಹೋಗಿ ಮಲಗಿದೆ.

ನಿಜವಾದ ರಿಪೇರಿ ಆ ವಾರ ಮಾಡಿದ್ದು. ತಿಂಗಳಿಗೊಂದು ಪಾರ್ಟಿಷನ್ (ಬೇರೆ ತುಂಡು) ಇರುವ ಹೊಸ ಟೇಬಲ್ ಮಾಡಿದೆ. ಪೂರ್ತಿ ಜೇಸನ್ ಬದಲು ನಿಜಕ್ಕೂ ಬೇಕಾದ ಐದು ಕಾಲಂ ಮಾತ್ರ ಇಟ್ಟೆ. ಹೊಸ ಸಾಲುಗಳೆಲ್ಲ ಅದಕ್ಕೆ. ಹಳೆಯ ಟೇಬಲ್ಲನ್ನು ಓದಲು ಮಾತ್ರ ಬಿಟ್ಟೆ. 90 ದಿನ ಕಳೆದ ಮೇಲೆ ಡ್ರಾಪ್ ಟೇಬಲ್ ಹಾಕಿದರೆ ಡಿಸ್ಕ್ ಶೇ 50ರ ಹತ್ತಿರ ಬಂದು ನಿಂತಿತು. ಒಂದು ಸೆಕೆಂಡೂ ಹಿಡಿಯಲಿಲ್ಲ. ಡಿಸ್ಕ್ ಇಳಿಸುವ ಲೆಕ್ಕದಲ್ಲಿ ಆ ರಾತ್ರಿ ಮೂರು ಗಂಟೆವರೆಗೆ ಡಿಲೀಟ್ ಮಾಡಿದ್ದು ಸುಮ್ನೆ ವ್ಯರ್ಥ.

ಮೈಎಸ್‌ಕ್ಯೂಎಲ್ ಎಂಬ ಇನ್ನೊಂದು ಡೇಟಾಬೇಸ್ ಬಳಸುವ ಗೆಳೆಯನೊಬ್ಬ ಈ ಕಥೆ ಕೇಳಿ ನಕ್ಕ. ಅವನ ಕಡೆ ಇನ್ಫರ್ಮೇಶನ್ ಸ್ಕೀಮಾದ ಟೇಬಲ್ಸ್‌ನಲ್ಲಿ ಡೇಟಾ ಲೆಂತ್, ಇಂಡೆಕ್ಸ್ ಲೆಂತ್ ಎರಡನ್ನೂ ಕೂಡಿಸಿದರೆ ಆಯಿತು. ಆದರೆ ಅಲ್ಲಿ ಸಿಗುವುದು ಅಂದಾಜು. 8.0 ಆವೃತ್ತಿಯಿಂದ ಆ ಅಂಕಿಗಳನ್ನು 24 ಗಂಟೆ ಹಾಗೇ ಇಟ್ಟುಕೊಂಡಿರುತ್ತದೆ. ಅವನ್ನು ಹೊಸದು ಮಾಡುವ ಅನಲೈಸ್ ಟೇಬಲ್ ಓಡಿಸದಿದ್ದರೆ ನಿನ್ನೆಯ ಲೆಕ್ಕವನ್ನೇ ಇವತ್ತಿನದು ಅಂದುಕೊಳ್ಳುವ ಸಾಧ್ಯತೆ ಇದೆ ಎಂದೆ. ಅವನಿಗೆ ಅದು ಗೊತ್ತಿರಲಿಲ್ಲ.

ಈಗ ಪ್ರತಿ ಸೋಮವಾರ ಬೆಳಗ್ಗೆ ಹೇಳಿದ ಹೊತ್ತಿಗೆ ತಾನೇ ಓಡುವ ಒಂದು ಕ್ರಾನ್ ಜಾಬ್ ಎಲ್ಲ ಟೇಬಲ್‌ಗಳ ಟೋಟಲ್, ಅಟ್ಟ, ಇಂಡೆಕ್ಸ್ ಮೂರನ್ನೂ ಬೇರೆ ಬೇರೆ ಕಾಲಂಗೆ ಬರೆದಿಡುತ್ತದೆ. ನಾನು ನೋಡುವುದು ಯಾವುದು ದೊಡ್ಡದು ಎಂದಲ್ಲ, ಹೋದ ವಾರಕ್ಕಿಂತ ಯಾವುದು ಎಷ್ಟು ಬೆಳೆಯಿತು ಎಂದು. ಆ ಲೆಕ್ಕ ಬರೆದಿಡುವ ಟೇಬಲ್ ಕೂಡ ಪಟ್ಟಿಯಲ್ಲಿ ಬರುತ್ತದೆ. ಸದ್ಯಕ್ಕೆ 312 ಕೆಬಿ ಇದೆ.