ಲೈಸೆನ್ಸ್ ಪಟ್ಟಿಯಲ್ಲಿ ಕಾಣುವ ತುಮಕೂರು, ಕಾಣದ ತುಮಕೂರು

ತುಮಕೂರು ಯಾವ ಕಡೆ ಬೆಳೆಯುತ್ತಿದೆ ಅಂತ ಕೇಳಿ ನೋಡಿ, ಎಲ್ಲರ ಹತ್ತಿರವೂ ಒಂದು ಉತ್ತರ ಸಿದ್ಧ ಇರುತ್ತದೆ. ಸೈಟು ಮಾರುವವರು ರಿಂಗ್ ರಸ್ತೆ ಅನ್ನುತ್ತಾರೆ. ಕ್ಯಾತ್ಸಂದ್ರದವರು ಬೆಂಗಳೂರಿನ ಕಡೆಗೆ ಕೈ ತೋರಿಸುತ್ತಾರೆ. ಅಂತರಸನಹಳ್ಳಿ ಮಾರುಕಟ್ಟೆಗೆ ದಿನಾ ಹೋಗಿಬರುವವರಿಗೆ ಶಿರಾ ರಸ್ತೆಯೇ ಮುಂದಿನ ತುಮಕೂರು. ನಾನು ಇಲ್ಲಿ ಮನೆ ಪ್ಲಾನ್ ಹಾಕಿ, ಲೈಸೆನ್ಸ್ ಮಾಡಿಸಿಕೊಡುವ ಸಿವಿಲ್ ಇಂಜಿನಿಯರ್. ಸೈಟು ತಗೊಳ್ಳುವ ಮೊದಲು ಜನ ನನ್ನನ್ನೂ ಇದೇ ಕೇಳುತ್ತಾರೆ. ಅದು ಒಂದು ಮನೆಯ ಇಡೀ ಉಳಿತಾಯದ ಪ್ರಶ್ನೆ. ಸುಮ್ನೆ ಬಾಯಿಗೆ ಬಂದದ್ದು ಹೇಳಲು ಮನಸ್ಸು ಒಪ್ಪಲಿಲ್ಲ. ಹಾಗಾಗಿ ಮಹಾನಗರ ಪಾಲಿಕೆ ಕೊಟ್ಟ ಕಟ್ಟಡ ಲೈಸೆನ್ಸ್‌ಗಳ ಪಟ್ಟಿಯನ್ನು ಸಿಕ್ಕಷ್ಟು ವರ್ಷಗಳದ್ದು ತರಿಸಿಕೊಂಡೆ. ನನ್ನ ಆಫೀಸಿನ ಹಳೆ ಫೈಲುಗಳನ್ನೂ ಪಕ್ಕದಲ್ಲಿಟ್ಟುಕೊಂಡು ಓದಲು ಕೂತೆ.

ಓದುತ್ತಾ ಹೋದಂತೆ ಒಂದು ವಿಷಯ ಗಟ್ಟಿಯಾಯಿತು. ಎಲ್ಲಿ ಮನೆ ಏಳುತ್ತಿದೆ ಅನ್ನುವುದಕ್ಕಿಂತ, ಎಲ್ಲಿ ಜಮೀನಿನ ದಾಖಲೆ ಸರಿಯಿದೆ ಅನ್ನುವುದನ್ನೇ ಆ ಪಟ್ಟಿ ಹೇಳುತ್ತದೆ. ಇದು ಗೊತ್ತಿದ್ದು ಓದಿದರೆ ಆ ಪಟ್ಟಿಯಷ್ಟು ಉಪಯೋಗದ ಕಾಗದ ಊರಲ್ಲಿ ಇನ್ನೊಂದಿಲ್ಲ.

ಮೊದಲು ಪಟ್ಟಿ ತರಿಸುವ ವಿಷಯ. ಪಾಲಿಕೆ ವ್ಯಾಪ್ತಿಯಲ್ಲಿ ಮನೆ ಕಟ್ಟಲು 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆಯ 299ನೇ ಸೆಕ್ಷನ್ ಪ್ರಕಾರ ಅರ್ಜಿ ಹಾಕಬೇಕು. ಹೀಗೆ ಕೊಟ್ಟ ಪ್ರತಿಯೊಂದು ಅನುಮತಿಗೂ ಕಚೇರಿಯಲ್ಲಿ ದಾಖಲೆ ಇರುತ್ತದೆ. ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಅರ್ಜಿ ಶುಲ್ಕ 10 ರೂಪಾಯಿ, ಉತ್ತರ ಕೊಡಲು 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರುವಂತಿಲ್ಲ. ಅದಕ್ಕೇ 'ಎಲ್ಲಾ ಲೈಸೆನ್ಸ್ ಮಾಹಿತಿ ಕೊಡಿ' ಅಂತ ಬರೆಯಬೇಡಿ. ಯಾವ ಯಾವ ಕಾಲಂ ಬೇಕು ಅಂತ ಹೆಸರಿಟ್ಟು ಕೇಳಿ. ನಾನು ಕೇಳಿದ್ದು ಅರ್ಜಿ ಹಾಕಿದ ದಿನ, ಲೈಸೆನ್ಸ್ ಕೊಟ್ಟ ದಿನ, ಬಡಾವಣೆಯ ಹೆಸರು, ವಾರ್ಡು, ಸರ್ವೆ ನಂಬರು, ಸೈಟ್ ನಂಬರು, ಸೈಟಿನ ಅಳತೆ, ಕಟ್ಟುವ ವಿಸ್ತೀರ್ಣ, ಎಷ್ಟು ಅಂತಸ್ತು, ವಾಸಕ್ಕೋ ವ್ಯಾಪಾರಕ್ಕೋ, ಇಷ್ಟೇ. ಮಾಲೀಕರ ಹೆಸರು, ಫೋನ್ ನಂಬರ್ ಕೇಳಲಿಲ್ಲ. ನಮ್ಮ ಕೆಲಸಕ್ಕೆ ಅವು ಬೇಕಾಗಿಲ್ಲ, ಇನ್ನೊಬ್ಬರ ಖಾಸಗಿ ವಿಷಯ ನಮ್ಮ ಮೇಜಿನ ಮೇಲೆ ಇರುವುದೂ ಸರಿಯಲ್ಲ.

ಪಟ್ಟಿ ಕೈಗೆ ಬಂದ ತಕ್ಷಣ ಎಣಿಸಲು ಆಗುವುದಿಲ್ಲ. ಜಾಸ್ತಿ ಸಮಯ ಹೋಗುವುದು ಅದನ್ನು ಹಸನು ಮಾಡುವುದರಲ್ಲೇ. ಜನ ಮಾತಾಡುವುದು ಅಡಿಯಲ್ಲಿ, ಲೈಸೆನ್ಸ್ ಇರುವುದು ಮೀಟರಿನಲ್ಲಿ. 30×40 ಸೈಟು ಒಂದು ಕಡೆ 9.14×12.19 ಅಂತ ಇರುತ್ತದೆ, ಇನ್ನೊಂದು ಕಡೆ 9.15×12.20 ಅಂತ, ಮತ್ತೊಂದು ಕಡೆ ಬರೀ 111.48 ಚದರ ಮೀಟರ್ ಅಂತ. ಮೂರೂ ಒಂದೇ ಸೈಟು. ಕಂಪ್ಯೂಟರ್ ಇವನ್ನು ಮೂರು ಬೇರೆ ಅಳತೆ ಅಂದುಕೊಳ್ಳುತ್ತದೆ. ನಾನು ಎಲ್ಲವನ್ನೂ ಚದರ ಅಡಿಗೆ ತಿರುಗಿಸಿ, 600ರ ಆಸುಪಾಸು, 1200ರ ಆಸುಪಾಸು, 2400ರ ಆಸುಪಾಸು, ಅದಕ್ಕೂ ಮೇಲೆ ಅಂತ ಗುಂಪು ಮಾಡಿಕೊಂಡೆ. ಬಡಾವಣೆಯ ಹೆಸರುಗಳದ್ದು ಇನ್ನೊಂದು ಕಥೆ. ಎಸ್.ಎಸ್. ಪುರಂ, ಎಸ್ಸೆಸ್ ಪುರಂ, ಸೋಮೇಶ್ವರಪುರಂ ಅಂತ ಮೂರು ಬಗೆಯಲ್ಲಿ ಬರೆದಿದ್ದರೆ ಮೂರನ್ನೂ ಕೂಡಿಸಬೇಕು. ವಾರ್ಡ್ ನಂಬರನ್ನು ಮಾತ್ರ ನಂಬಿ ಹೊರಡಬೇಡಿ. ತುಮಕೂರಿನಲ್ಲಿ 35 ವಾರ್ಡ್ ಇವೆ. ವಾರ್ಡ್ ವಿಂಗಡಣೆ ಬದಲಾದಾಗ ನಂಬರ್ ಅದೇ ಇದ್ದರೂ ಗಡಿ ಬೇರೆಯಾಗಿರುತ್ತದೆ. ಬಡಾವಣೆಯ ಹೆಸರೇ ಗಟ್ಟಿ ಆಧಾರ.

ಆಮೇಲೆ ಒಂದೇ ಮನೆ ಎರಡು ಮೂರು ಸಲ ಬಂದಿರುತ್ತದೆ. ಮೊದಲು ಗ್ರೌಂಡ್ ಫ್ಲೋರ್‌ಗೆ ಲೈಸೆನ್ಸ್, ಅವಧಿ ಮುಗಿದ ಮೇಲೆ ನವೀಕರಣ, ಮಗನ ಮದುವೆ ಹೊತ್ತಿಗೆ ಮೇಲಂತಸ್ತಿಗೆ ಇನ್ನೊಂದು ಅರ್ಜಿ. ಇವನ್ನೆಲ್ಲ ಹೊಸ ಮನೆ ಅಂತ ಎಣಿಸಿದರೆ ಹಳೆಯ ಬಡಾವಣೆಯೇ ಎಲ್ಲಕ್ಕಿಂತ ಜೋರಾಗಿ ಬೆಳೆಯುತ್ತಿದೆ ಅನ್ನಿಸಿಬಿಡುತ್ತದೆ. ಸರ್ವೆ ನಂಬರು, ಸೈಟ್ ನಂಬರು, ಅಳತೆ ಮೂರನ್ನೂ ಹೋಲಿಸಿ ಬೇರ್ಪಡಿಸಬೇಕು.

ಸರಾಸರಿ ತೆಗೆಯುವಾಗಲೂ ಎಚ್ಚರ ಬೇಕು. ಒಂದು ಬಡಾವಣೆಯಲ್ಲಿ ಒಂಬತ್ತು ಮನೆಗೆ 12 ಚದರದ (ಒಂದು ಚದರ ಅಂದರೆ 100 ಚದರ ಅಡಿ) ಲೈಸೆನ್ಸ್, ಒಂದು ಅಪಾರ್ಟ್‌ಮೆಂಟಿಗೆ 200 ಚದರ ಅಂದುಕೊಳ್ಳಿ. ಸರಾಸರಿ ಸುಮಾರು 31 ಚದರ ಬರುತ್ತದೆ. ಆದರೆ ಅಲ್ಲಿ 31 ಚದರದ ಮನೆ ಒಂದೂ ಇಲ್ಲ, ಅಲ್ವಾ? ಅದಕ್ಕೇ ನಾನು ಎಲ್ಲವನ್ನೂ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ಸರಿಯಾಗಿ ನಡುವೆ ಬರುವ ಅಳತೆಯನ್ನು ತಗೊಳ್ಳುತ್ತೇನೆ. ಅಪಾರ್ಟ್‌ಮೆಂಟುಗಳಿಗೆ ಬೇರೆ ಪಟ್ಟಿ.

ಇನ್ನು ದಿನಾಂಕ. ಅರ್ಜಿಯ ದಿನಕ್ಕೂ ಲೈಸೆನ್ಸ್ ಬಂದ ದಿನಕ್ಕೂ ಇರುವ ಅಂತರ ಬಹಳ ಮಾತಾಡುತ್ತದೆ. ಕೈಬರಹದ ಫೈಲುಗಳು ಹೋಗಿ ನಿರ್ಮಾಣ-2ರಂಥ ತಂತ್ರಾಂಶ ಬಂತು, ಆಮೇಲೆ ಇನ್ನೊಂದು ಬಂತು. ಎಲ್ಲೇ ಆಗಲಿ ಹೊಸ ವ್ಯವಸ್ಥೆಗೆ ಹೊಂದಿಕೊಳ್ಳುವಾಗ ಫೈಲುಗಳು ಸ್ವಲ್ಪ ನಿಲ್ಲುತ್ತವೆ, ಆಮೇಲೆ ಒಟ್ಟಿಗೆ ಹೊರಬರುತ್ತವೆ. ಲೈಸೆನ್ಸ್ ದಿನ ಮಾತ್ರ ನೋಡಿದವರು 'ಈ ತಿಂಗಳು ಊರು ಜಿಗಿದುಬಿಟ್ಟಿದೆ' ಅಂದುಕೊಳ್ಳುತ್ತಾರೆ. ಜನರ ಮನಸ್ಸು ಗೊತ್ತಾಗಬೇಕಾದರೆ ಅರ್ಜಿಯ ದಿನ ನೋಡಿ.

ಅರ್ಜಿಯ ದಿನದಲ್ಲಿ ನಮ್ಮ ಪಂಚಾಂಗ ಎದ್ದು ಕಾಣುತ್ತದೆ. ಆಷಾಢದಲ್ಲಿ, ಧನುರ್ಮಾಸದಲ್ಲಿ, ಪಿತೃಪಕ್ಷದಲ್ಲಿ ಪಾಯ ತೆಗೆಯುವುದಿಲ್ಲ. ಹಾಗಂತ ಆ ತಿಂಗಳುಗಳಲ್ಲಿ ನನ್ನ ಆಫೀಸು ಖಾಲಿ ಇರುವುದಿಲ್ಲ. ಶ್ರಾವಣಕ್ಕೆ ಗುದ್ದಲಿ ಪೂಜೆ ಆಗಬೇಕು ಅನ್ನುವವರು ಆಷಾಢದಲ್ಲೇ ಪ್ಲಾನ್ ಹಾಕಿಸಲು ಬರುತ್ತಾರೆ. ಸಂಕ್ರಾಂತಿ ಆದ ಮೇಲೆ ಪೂಜೆ ಅನ್ನುವವರು ಡಿಸೆಂಬರಿನಲ್ಲೇ ಓಡಾಡುತ್ತಾರೆ. ಏಪ್ರಿಲಿನಲ್ಲಿ ಇನ್ನೊಂದು ಅಲೆ. ಏಪ್ರಿಲ್‌ನಲ್ಲಿ ಆಸ್ತಿ ತೆರಿಗೆ ಕಟ್ಟಿದರೆ ಶೇಕಡಾ 5 ರಿಯಾಯಿತಿ ಇದೆ. ಲೈಸೆನ್ಸಿಗೆ ಈ ವರ್ಷದ ಕಂದಾಯದ ರಸೀದಿ ಹೇಗೂ ಬೇಕು. ಎರಡೂ ಕೆಲಸ ಒಟ್ಟಿಗೆ ಮುಗಿಸೋಣ ಅನ್ನುವ ಲೆಕ್ಕಾಚಾರ. 2020ರ ಮಾರ್ಚ್ ಕೊನೆಯ ಲಾಕ್‌ಡೌನ್ ಮಾತ್ರ ಈ ಎಲ್ಲ ಲಯವನ್ನೂ ಮುರಿಯಿತು. ಹಾಗಾಗಿ ಆ ವರ್ಷವನ್ನು ಹಿಂದಿನ ವರ್ಷದ ಜೊತೆ ಹೋಲಿಸಿ 'ಇಳಿಯಿತು', ಮುಂದಿನ ವರ್ಷದ ಜೊತೆ ಹೋಲಿಸಿ 'ಏರಿತು' ಅನ್ನುವುದರಲ್ಲಿ ಅರ್ಥವಿಲ್ಲ. ಅದನ್ನು ಪಕ್ಕಕ್ಕಿಟ್ಟು ಹಿಂದಿನ ಕೆಲವು ವರ್ಷ, ಮುಂದಿನ ಕೆಲವು ವರ್ಷ ಅಂತ ಕಟ್ಟುಕಟ್ಟಾಗಿ ನೋಡಿದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಪಟ್ಟಿಯನ್ನು ನಕ್ಷೆಯ ಮೇಲೆ ಇಟ್ಟಾಗ ಕೆಲವು ಜಾಗ ದಟ್ಟವಾಗಿ ಕಂಡವು, ಕೆಲವು ಬರಿದಾಗಿ ಕಂಡವು. ಬರಿದಾದ ಜಾಗಗಳಲ್ಲಿ ನಾನು ದಿನಾ ಓಡಾಡುತ್ತೇನೆ. ಅಲ್ಲಿ ಮೋಲ್ಡ್ ಹಾಕುವುದು ಒಂದು ವಾರವೂ ನಿಂತಿಲ್ಲ. ಹಾಗಿದ್ದರೆ ಲೈಸೆನ್ಸ್ ಯಾಕಿಲ್ಲ?

ಹಳೆ ಪೇಟೆಯ ಕಾರಣ ಬೇರೆ, ಅಂಚಿನ ಬಡಾವಣೆಗಳ ಕಾರಣ ಬೇರೆ. ಚಿಕ್ಕಪೇಟೆ, ಮಂಡಿಪೇಟೆಯಲ್ಲಿ ನಿವೇಶನಗಳು ಕಿರಿದು, ಗೋಡೆಗೆ ಗೋಡೆ ಅಂಟಿಕೊಂಡಿವೆ. ಅಣ್ಣತಮ್ಮಂದಿರು ಭಾಗ ಮಾಡಿಕೊಂಡ ಮೇಲೆ ಇನ್ನೂ ಕಿರಿದು. 20×30 ಸೈಟನ್ನೇ ತಗೊಳ್ಳಿ. ಸೆಟ್‌ಬ್ಯಾಕ್ ಅಂತ, ಅಂದರೆ ಮನೆಯ ಸುತ್ತ ಖಾಲಿ ಬಿಡಬೇಕಾದ ಜಾಗ ಅಂತ, ನಾಲ್ಕೂ ಕಡೆ ಒಂದೊಂದು ಮೀಟರ್ ಬಿಟ್ಟರೆ ಉಳಿಯುವುದು ಸುಮಾರು 4.1×7.1 ಮೀಟರ್, ಮೂರು ಚದರ ಚಿಲ್ಲರೆ. ಅರ್ಧ ಜಾಗ ಹೋಯಿತು. 'ಸಾರ್, ಇಷ್ಟರಲ್ಲಿ ಅಡುಗೆಮನೆ ಎಲ್ಲಿ ಇಡೋದು, ದೇವರಮನೆ ಎಲ್ಲಿ ಇಡೋದು?' ಅಂತ ಕೇಳುತ್ತಾರೆ. ಅವರ ಪ್ರಶ್ನೆಯಲ್ಲಿ ತಪ್ಪಿಲ್ಲ. ಕಾನೂನು ಬಿಟ್ಟು ಕಟ್ಟಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಆದರೆ ಪೇಟೆಯ ಕಿರಿದಾದ ನಿವೇಶನಕ್ಕೆ ಹೊಂದುವ ನಿಯಮ ಇದ್ದಿದ್ದರೆ ಇವರಲ್ಲಿ ಎಷ್ಟೋ ಜನ ಲೈಸೆನ್ಸ್ ತಗೊಂಡೇ ಕಟ್ಟುತ್ತಿದ್ದರು ಅನ್ನುವುದು ನನ್ನ ದೃಢವಾದ ನಂಬಿಕೆ.

ಅಂಚಿನಲ್ಲಿ ಸಮಸ್ಯೆ ಖಾತೆಯದು. ಕೃಷಿ ಜಮೀನನ್ನು ಬಡಾವಣೆ ಅನುಮೋದನೆ ಇಲ್ಲದೆ ಸೈಟು ಮಾಡಿ ಮಾರಿದ್ದಾರೆ. ಅದೇ ರೆವಿನ್ಯೂ ಸೈಟು. ತುಮಕೂರು ನಗರಾಭಿವೃದ್ಧಿ ಪ್ರಾಧಿಕಾರ, ನಾವು ಟೂಡಾ ಅನ್ನುತ್ತೇವಲ್ಲ, ಅದರ ಅನುಮೋದನೆ ಇಲ್ಲ. ಅನುಮೋದನೆ ಇಲ್ಲದಿದ್ದರೆ ಸರಿಯಾದ ಖಾತೆ ಇಲ್ಲ, ಖಾತೆ ಇಲ್ಲದಿದ್ದರೆ ಲೈಸೆನ್ಸ್ ಇಲ್ಲ. ಮನೆ ಮಾತ್ರ ಇದೆ. ಇಂಥವನ್ನು ಸಕ್ರಮ ಮಾಡುವ ಅಕ್ರಮ-ಸಕ್ರಮ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಊರೂರಲ್ಲಿ ಬಿ-ಖಾತೆ ಅಭಿಯಾನ ಶುರು ಮಾಡಿದಾಗ ಜನ ಸಾಲಾಗಿ ನಿಂತರು. ಆ ಖಾತೆ ತೆರಿಗೆ ಕಟ್ಟಲು ದಾರಿ ಮಾಡಿಕೊಡುತ್ತದೆ. ಅದು ಬಂತು ಅಂದ ಮಾತ್ರಕ್ಕೆ ಬಡಾವಣೆ ಸಕ್ರಮ ಆಗಲಿಲ್ಲ ಅನ್ನುವುದನ್ನು ನಾನು ಪ್ರತಿಯೊಬ್ಬರಿಗೂ ಕೂರಿಸಿ ಹೇಳಬೇಕಾಯಿತು.

ಊರಿನ ಗಡಿಯೂ ಪಟ್ಟಿಯನ್ನು ಕತ್ತರಿಸುತ್ತದೆ. ವಸಂತನರಸಾಪುರದಲ್ಲಿ ಇರುವುದು ಜಿಲ್ಲೆಯ ದೊಡ್ಡ ಕೈಗಾರಿಕಾ ಪ್ರದೇಶ, 2014ರಲ್ಲಿ ಫುಡ್ ಪಾರ್ಕ್ ಉದ್ಘಾಟನೆ ಆಗಿದ್ದೂ ಅಲ್ಲೇ. ಅಲ್ಲಿನ ಕಾರ್ಖಾನೆಗಳ ನಕ್ಷೆಗೆ ಕೆಐಎಡಿಬಿ, ಅಂದರೆ ರಾಜ್ಯದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ, ಒಪ್ಪಿಗೆ ಕೊಡುತ್ತದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 615 ಎಕರೆಯ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆ ಆಯಿತು. ಅದೂ ಪಾಲಿಕೆಯ ಪಟ್ಟಿಯಲ್ಲಿ ಇರಲು ಸಾಧ್ಯವಿಲ್ಲ. ಆದರೆ ಅಲ್ಲಿ ಕೆಲಸ ಮಾಡುವವರು ಬಾಡಿಗೆ ಮನೆ ಹುಡುಕುವಾಗ ತುಮಕೂರಿಗೂ ಬರುತ್ತಾರೆ. ಹೀಗೆ ಕಾರಣ ಗಡಿಯ ಹೊರಗೆ, ಪರಿಣಾಮ ಗಡಿಯ ಒಳಗೆ. ಹೆಗ್ಗೆರೆ, ಬೆಳಗುಂಬದಂಥ ಊರುಗಳು ನೋಡಲು ತುಮಕೂರಿಗೆ ಸೇರಿಕೊಂಡ ಹಾಗೇ ಇವೆ. ಆದರೆ ಪಂಚಾಯಿತಿಯ ದಾಖಲೆ ಬೇರೆ, ಅಲ್ಲಿ ನಡೆಯುವುದು ಇ-ಸ್ವತ್ತು, ಅಂದರೆ ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆ. ಪಾಲಿಕೆಯದು, ಪಂಚಾಯಿತಿಯದು, ಟೂಡಾದ ಬಡಾವಣೆ ಅನುಮೋದನೆ, ಮೂರನ್ನೂ ಒಟ್ಟಿಗೆ ಇಡದೆ ಊರು ಎತ್ತ ಹೋಗುತ್ತಿದೆ ಅಂತ ಹೇಳಲಾಗದು.

ಉಪಯೋಗದ ಕಾಲಂ ಕೂಡ ಪೂರ್ತಿ ಹೇಳುವುದಿಲ್ಲ. ಎಸ್‌ಐಟಿ ಇಂಜಿನಿಯರಿಂಗ್ ಕಾಲೇಜಿನ ಸುತ್ತ, ಮರಳೂರಿನ ಎಸ್‌ಎಸ್‌ಐಟಿ ಸುತ್ತ 'ವಾಸ' ಅಂತ ಇರುವ ಎಷ್ಟೋ ಕಟ್ಟಡಗಳಲ್ಲಿ ಇರುವವರು ವಿದ್ಯಾರ್ಥಿಗಳು. ಒಂದು ಸಂಸಾರದ ಮನೆಗೂ ಮೂವತ್ತು ಹುಡುಗರ ಪಿ.ಜಿ.ಗೂ ಕಾಗದದಲ್ಲಿ ಒಂದೇ ಪದ. ನೀರಿನ ಲೆಕ್ಕದಲ್ಲಿ ಎಷ್ಟು ವ್ಯತ್ಯಾಸ ಆಗುತ್ತದೆ ಯೋಚಿಸಿ. ತುಮಕೂರು ಕುಡಿಯುವುದು ಹೇಮಾವತಿ ನೀರು. ಕಾಲುವೆಯಲ್ಲಿ ಬಂದು ಬುಗುಡನಹಳ್ಳಿ ಕೆರೆಯಲ್ಲಿ ನಿಂತು ನಮ್ಮ ಮನೆಗೆ ಬರಬೇಕು. ಲೈಸೆನ್ಸ್ ಪಟ್ಟಿ ನೋಡಿ ಪೈಪಿನ ಗಾತ್ರ ಗೊತ್ತು ಮಾಡಿದರೆ, ಪಟ್ಟಿಯಲ್ಲಿ ಇಲ್ಲದ ಬಡಾವಣೆಯ ತಾಯಂದಿರು ಟ್ಯಾಂಕರ್ ಕಾಯುತ್ತಾ ನಿಲ್ಲಬೇಕಾಗುತ್ತದೆ. ನನಗೆ ಈ ಕೆಲಸ ಮುಖ್ಯ ಅನ್ನಿಸುವುದು ಇದಕ್ಕೇ.

ಹಾಗಾದರೆ ಪಟ್ಟಿಯಲ್ಲಿ ಇಲ್ಲದ ಮನೆಗಳನ್ನು ಹಿಡಿಯುವುದು ಹೇಗೆ? ನನಗೆ ಹೆಚ್ಚು ನೆರವಾದದ್ದು ಗೂಗಲ್ ಅರ್ಥ್‌ನ ಹಳೆಯ ಚಿತ್ರಗಳು. ಒಂದು ಬಡಾವಣೆಯ ಹತ್ತು ವರ್ಷದ ಹಿಂದಿನ ಚಿತ್ರ ಮತ್ತು ಈಗಿನದು ಪಕ್ಕಪಕ್ಕ ಇಟ್ಟು ಹೊಸ ಸೂರುಗಳನ್ನು ಎಣಿಸಿ. ಅದೇ ಅವಧಿಯ ಲೈಸೆನ್ಸ್ ಎಣಿಸಿ. ನಡುವಿನ ಅಂತರವೇ ನಿಮಗೆ ಬೇಕಾದ ಮಾಹಿತಿ. ನನ್ನ ನಕ್ಷೆಯಲ್ಲಿ ಈಗ ಎರಡು ಬಣ್ಣ ಇವೆ, ಲೈಸೆನ್ಸ್ ಇರುವ ಮನೆಗೆ ಒಂದು, ಸೂರು ಮಾತ್ರ ಕಾಣುವುದಕ್ಕೆ ಇನ್ನೊಂದು. ಸೈಟು ಕೇಳಿ ಬಂದವರ ಮುಂದೆ ಅದನ್ನೇ ಹರಡುತ್ತೇನೆ. 'ಇಲ್ಲಿ ಮನೆಗಳು ಜಾಸ್ತಿ ಇವೆ ಅಣ್ಣ, ಆದರೆ ಲೈಸೆನ್ಸ್ ಕಡಿಮೆ. ಮೊದಲು ಖಾತೆ ನೋಡೋಣ' ಅಂತ ಹೇಳಲು ಆಗುತ್ತದೆ.

ಇತ್ತೀಚೆಗೆ ಆದ ಬದಲಾವಣೆಯನ್ನೂ ಗಮನಿಸಬೇಕು. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಕಟ್ಟಡ ನಕ್ಷೆಯಂತೆ ಮುಗಿದಿದೆ ಅನ್ನುವ ಪ್ರಮಾಣಪತ್ರ ತೋರಿಸಿದ ಮೇಲೆಯೇ ಕರೆಂಟು, ನೀರು ಕೊಡಬೇಕು ಅಂದಿತು. ಅಲ್ಲಿಯವರೆಗೆ ನನ್ನ ಗಿರಾಕಿಗಳಲ್ಲಿ ಗೃಹಪ್ರವೇಶ ಆದ ಮೇಲೆ ಆ ಪತ್ರ ಕೇಳಿ ಬಂದವರು ಅಪರೂಪ. ಲೈಸೆನ್ಸ್ ಕಾಗದ ಬೀರು ಸೇರುತ್ತಿತ್ತು, ಕಟ್ಟುವಾಗ ಮೇಸ್ತ್ರಿ ಹೇಳಿದಂತೆ ಒಂದು ರೂಮು ಹೊರಗೆ ಬರುತ್ತಿತ್ತು. 2025ರಲ್ಲಿ ಬೆಸ್ಕಾಂ ಮೀಟರಿಗೆ ಆ ಪತ್ರ ಬೇಕು ಅಂದಾಗಿನಿಂದ ಜನ ಪಾಯದ ಹಂತದಲ್ಲೇ ಫೋನ್ ಮಾಡಿ 'ಸೆಟ್‌ಬ್ಯಾಕ್ ಸರಿ ಇದೆಯಾ ಸಾರ್, ಒಂದ್ಸಲ ಬಂದು ನೋಡ್ರಿ' ಅನ್ನುತ್ತಾರೆ. ಈ ಒಂದು ಬದಲಾವಣೆಯಿಂದ ನನಗೆ ನಿಜವಾಗಿಯೂ ಸಂತೋಷ ಆಗಿದೆ. ಹಾಗಾಗಿ 2025ರ ನಂತರದ ಲೈಸೆನ್ಸ್ ಸಂಖ್ಯೆ ಏರಿದರೆ ಅದಷ್ಟೂ ಹೊಸ ಕಟ್ಟಡ ಅಂತ ತಿಳಿಯಬೇಡಿ. ಮೊದಲು ಕಾಗದ ಇಲ್ಲದೆ ಕಟ್ಟುತ್ತಿದ್ದವರು ಈಗ ಕಾಗದದೊಳಗೆ ಬರುತ್ತಿರುವುದೂ ಅದರಲ್ಲಿ ಸೇರಿರುತ್ತದೆ.

ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಇದನ್ನು ಮಾಡುವವರು ಒಂದು ವ್ಯತ್ಯಾಸ ನೆನಪಿಡಿ. ಅಲ್ಲಿ ಇರುವುದು ನಗರಸಭೆ, ಅನ್ವಯಿಸುವುದು 1964ರ ಪುರಸಭೆಗಳ ಕಾಯ್ದೆಯ 187ನೇ ಸೆಕ್ಷನ್. ಅರ್ಜಿಯಲ್ಲಿ ಅದನ್ನೇ ಬರೆಯಿರಿ. ಇಡೀ ಊರಿನ ಪಟ್ಟಿ ಮೊದಲೇ ಕೇಳುವ ಬದಲು ನಿಮಗೆ ಮನೆಮನೆಯೂ ಗೊತ್ತಿರುವ ಒಂದು ಬಡಾವಣೆ ಆರಿಸಿಕೊಳ್ಳಿ. ಅಲ್ಲಿನ ಲೈಸೆನ್ಸ್ ಪಟ್ಟಿ ಮತ್ತು ಮುಕ್ತಾಯ ಪ್ರಮಾಣಪತ್ರಗಳ ಪಟ್ಟಿ, ಎರಡಕ್ಕೂ ಬೇರೆ ಬೇರೆ ಅರ್ಜಿ ಹಾಕಿ. ಪಟ್ಟಿ ಹಿಡಿದುಕೊಂಡು ಒಂದು ಬೆಳಿಗ್ಗೆ ಆ ಬೀದಿಗಳಲ್ಲಿ ನಡೆದು, ಮನೆಯ ಮುಂದೆ ನಿಂತು ಒಂದೊಂದಾಗಿ ಟಿಕ್ ಹಾಕುತ್ತಾ ಬನ್ನಿ. ಆಮೇಲೆ ಉಳಿದ ಊರಿನ ಪಟ್ಟಿ ತರಿಸಿ.