ಗೋಡೆಚಿತ್ರ, ಕಡಲಜೀವಿ, ಮೀನೂಟ: ಒಂದು ಹಗಲಿನ ಬಸ್ ಪ್ರವಾಸವನ್ನು ಹೊಂದಿಸುವ ಬಗೆ

ನಲವತ್ತೈದು ಜನರ ಕರಾವಳಿ ಪ್ರವಾಸಕ್ಕೆ ಕೂತಾಗ ನಾವು ಮೊದಲು ತೆಗೆಯುವುದು ಭರತ-ಇಳಿತದ ಪಟ್ಟಿ. ರಸ್ತೆ ನಕ್ಷೆ ಆಮೇಲೆ. ಚಿತ್ರ ಬರೆದ ಗೋಡೆಗಳು ಸಂಜೆತನಕ ಅಲ್ಲೇ ಇರುತ್ತವೆ, ಊಟವನ್ನು ಅರ್ಧ ಗಂಟೆ ಹಿಂದುಮುಂದು ಮಾಡಬಹುದು. ಬಂಡೆಯ ಹೊಂಡಗಳಲ್ಲಿನ ಕಡಲಜೀವಿಗಳು ಕಾಣುವುದು ನೀರು ಇಳಿದಾಗ ಮಾತ್ರ, ಆ ಇಳಿತದ ಹೊತ್ತನ್ನು ಹತ್ತು ನಿಮಿಷವೂ ಆಚೀಚೆ ಮಾಡಲು ಬರುವುದಿಲ್ಲ. ಆದ್ದರಿಂದ ಅದನ್ನು ಹಾಳೆಯ ನಡುವೆ ಬರೆದುಕೊಂಡು, ಉಳಿದದ್ದನ್ನು ಅದರ ಎರಡೂ ಬದಿಗೆ ಜೋಡಿಸುತ್ತೇವೆ.

ಹೆಚ್ಚಿನ ತೀರಗಳಲ್ಲಿ ಒಂದು ಇಳಿತದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಇವತ್ತು 10ಕ್ಕೆ ಇದ್ದದ್ದು ನಾಳೆ 10:50ರ ಸುಮಾರಿಗೆ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಕಳೆದು ಒಂದೆರಡು ದಿನಕ್ಕೆ ನೀರು ಎಲ್ಲಕ್ಕಿಂತ ಕೆಳಗೆ ಹೋಗುತ್ತದೆ. ಅಷ್ಟಮಿ ಕಳೆದ ದಿನಗಳಲ್ಲಿ ಇಳಿತವೇ ಅರೆಬರೆ, ಒಳ್ಳೆಯ ಹೊಂಡಗಳು ನೀರಿನಡಿಯಲ್ಲೇ ಉಳಿಯುತ್ತವೆ. ಬಹಳ ಜನ ಗಮನಿಸದ ಒಂದು ಸಂಗತಿಯಿದೆ. ದಿನಕ್ಕೆರಡು ಇಳಿತವಿರುವ ತೀರದಲ್ಲಿ ಈ ದೊಡ್ಡ ಇಳಿತ ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ ಗಂಟೆಗೆ ಬೀಳುತ್ತದೆ. ಒಂದು ಜಾಗದಲ್ಲಿ ಅದು ಬೆಳಗಿನ ಹತ್ತಕ್ಕೆ ಬರುವುದಾದರೆ ಆ ಜಾಗ ವರ್ಷವಿಡೀ ಪ್ರವಾಸಕ್ಕೆ ಒದಗುತ್ತದೆ. ಆರಕ್ಕೆ ಬರುವ ತೀರವಾದರೆ ಅರೆಗತ್ತಲಲ್ಲಿ ಬಂಡೆ ತುಳಿಯಬೇಕು. ಅಂಥದ್ದನ್ನು ನಾವು ಪಟ್ಟಿಯಿಂದಲೇ ತೆಗೆದುಬಿಡುತ್ತೇವೆ.

ನೀರು ಏರುವ ವೇಗದ ಲೆಕ್ಕಕ್ಕೆ ಒಟ್ಟು ಏರಿಕೆಯನ್ನು ಹನ್ನೆರಡು ಭಾಗ ಮಾಡಿಕೊಂಡರೆ ಸಾಕು. ಆರು ಗಂಟೆಗಳಲ್ಲಿ ಕ್ರಮವಾಗಿ ಒಂದು, ಎರಡು, ಮೂರು, ಮೂರು, ಎರಡು, ಒಂದು ಭಾಗ. ಭರತಕ್ಕೂ ಇಳಿತಕ್ಕೂ 3 ಮೀಟರ್ ವ್ಯತ್ಯಾಸವಿದ್ದರೆ ಇಳಿತದ ನಂತರದ ಮೊದಲ ಗಂಟೆ 25 ಸೆಂಟಿಮೀಟರ್ ಏರುತ್ತದೆ, ಎರಡನೆಯದರಲ್ಲಿ 50, ಮೂರನೆಯದರಲ್ಲಿ 75. ಮೊದಲ ಗಂಟೆಯ ನಿಧಾನ ನೋಡಿ ಜನ ಮೈಮರೆಯುತ್ತಾರೆ. ಎದುರಿನ ನೀರು ಎಲ್ಲರ ಕಣ್ಣಿಗೆ ಬೀಳುತ್ತದೆ, ಆದರೆ ಅಪಾಯ ಇರುವುದು ಬೆನ್ನ ಹಿಂದೆ. ದಡಕ್ಕೂ ಬಂಡೆಗೂ ನಡುವಿನ ತಗ್ಗು ಮೊದಲು ತುಂಬಿ ವಾಪಸಾಗುವ ದಾರಿ ಮುಚ್ಚಿಹೋಗುತ್ತದೆ. ಹಾಗಾಗಿ ಇಳಿತಕ್ಕೆ 75 ನಿಮಿಷ ಮೊದಲು ಬಂಡೆಗೆ ಇಳಿಸುತ್ತೇವೆ, ಇಳಿತವಾಗಿ 20 ನಿಮಿಷಕ್ಕೆ ಮೇಲೆ ಹೊರಡಿಸುತ್ತೇವೆ. ಪಟ್ಟಿಯ ಅಂಕಿ ಸಾಮಾನ್ಯ ಹವಾಮಾನದ್ದು ಅನ್ನುವುದೂ ನೆನಪಿರಬೇಕು. ವಾತಾವರಣದ ಒತ್ತಡ 1 ಹೆಕ್ಟೋಪಾಸ್ಕಲ್ ಕುಸಿದರೆ ನೀರು ಸುಮಾರು 1 ಸೆಂಟಿಮೀಟರ್ ಏರುತ್ತದೆ, ದಡದ ಕಡೆ ಬೀಸುವ ಗಾಳಿ ಅದಕ್ಕೆ ಇನ್ನಷ್ಟು ಸೇರಿಸುತ್ತದೆ. ಅಲೆ ದೊಡ್ಡದಿದ್ದ ದಿನ ಬಂಡೆಯ ಭಾಗವನ್ನೇ ಕೈಬಿಟ್ಟು ಗೋಡೆಗಳಿಗೆ ಹೆಚ್ಚು ಹೊತ್ತು ಕೊಡುತ್ತೇವೆ. ಇದನ್ನು ಹೊರಡುವ ಮೊದಲೇ ಜನರಿಗೆ ಹೇಳಿರಬೇಕು, ಇಲ್ಲದಿದ್ದರೆ ದಡದಲ್ಲಿ ನಿಂತು ವಾದ ಶುರುವಾಗುತ್ತದೆ.

ಬಂಡೆಯ ಮೇಲೆ ಒಬ್ಬ ಮಾರ್ಗದರ್ಶಿಗೆ ಒಂಬತ್ತು ಹತ್ತು ಜನ, ಅದಕ್ಕಿಂತ ಹೆಚ್ಚಾದರೆ ಹಿಂದಿನವರಿಗೆ ಏನೂ ಕಾಣದು. ಕಪ್ಪು, ಹಸಿರು ಪಾಚಿಯ ಮೇಲೆ ಕಾಲಿಡದೆ, ಬಾರ್ನಕಲ್ (ಬಂಡೆಗೆ ಅಂಟಿ ಬಾಳುವ ಸಣ್ಣ ಚಿಪ್ಪುಜೀವಿ) ಇಲ್ಲದ ಒಣಬಂಡೆಯನ್ನೇ ಹಿಡಿದು ನಡೆಯಬೇಕು. ಚಪ್ಪಲಿ ಬೇಡ, ಹಿಮ್ಮಡಿ ಮುಚ್ಚುವ ಹಳೆಯ ಬೂಟು ಸಾಕು. ಸನ್‌ಸ್ಕ್ರೀನ್ ಹಚ್ಚಿದ ಕೈಯನ್ನು ಹೊಂಡದಲ್ಲಿ ಅದ್ದಬಾರದು. ಅಷ್ಟು ಕಡಿಮೆ ನೀರಿನಲ್ಲಿ ಅದರ ರಾಸಾಯನಿಕ ಎಲ್ಲ ಜೀವಿಗಳಿಗೂ ತಗಲುತ್ತದೆ. ಕಲ್ಲು ಮಗುಚಿದರೆ ಮೊದಲಿದ್ದ ಮಗ್ಗುಲಲ್ಲೇ ಮತ್ತೆ ಕೂರಿಸಬೇಕು. ಅಡಿಯಲ್ಲಿರುವವು ಬಿಸಿಲು ತಾಳುವುದಿಲ್ಲ, ಮೇಲಿನ ಪಾಚಿ ಬೆಳಕಿಲ್ಲದೆ ಸಾಯುತ್ತದೆ. ಬಿಸಿನೀರ ಕಡಲುಗಳಲ್ಲಿ ಕೋನ್ ಆಕಾರದ ಚೆಂದದ ಶಂಖವನ್ನು ಯಾರೂ ಮುಟ್ಟದಂತೆ ಮೊದಲೇ ಎಚ್ಚರಿಸುತ್ತೇವೆ. ಅದರೊಳಗಿನ ಹುಳು ವಿಷದ ಮುಳ್ಳು ಚುಚ್ಚುತ್ತದೆ, ಕೆಲವು ಜಾತಿಗಳ ವಿಷ ಪ್ರಾಣಕ್ಕೇ ಎರವಾಗಿದೆ.

ದೊಡ್ಡ ಪ್ರಾಣಿಯ ಆಸೆ ತೋರಿಸಬೇಕಾಗಿಲ್ಲ. ಬಂಡೆಗೆ ಅಂಟಿದ ಬಾರ್ನಕಲ್ ಒಣಗಿದಾಗ ಸುಣ್ಣದ ಹುಣ್ಣಿನಂತೆ ಕಾಣುತ್ತದೆ, ಯಾರೂ ತಿರುಗಿ ನೋಡುವುದಿಲ್ಲ. ಅದೇ ಜೀವಿ ಹೊಂಡದ ನೀರಿನಡಿ ಇರುವಲ್ಲಿ ನೆರಳು ಬೀಳದಂತೆ ಕುಕ್ಕರುಗಾಲಲ್ಲಿ ಒಂದು ನಿಮಿಷ ಕೂತರೆ ತುದಿಯ ಎರಡು ಬಾಗಿಲು ಬಿರಿದು, ಗರಿಯಂಥ ಕಾಲುಗಳ ಒಂದು ಗುಚ್ಛ ಹೊರಬಂದು ನೀರನ್ನು ಬಾಚಿ ಒಳಸೇರುತ್ತದೆ. ಮತ್ತೆ ಹೊರಗೆ, ಮತ್ತೆ ಒಳಗೆ. ಏಡಿ, ಸಿಗಡಿಯ ನೆಂಟ ಇದು. ತಲೆಯನ್ನು ಬಂಡೆಗೆ ಅಂಟಿಸಿಕೊಂಡು ಕಾಲಿನಿಂದ ಉಣ್ಣುತ್ತದೆ. ಇದನ್ನು ಕಂಡ ಮೇಲೆ ಆ ಬಂಡೆಯನ್ನು ಯಾರೂ ಅಲಕ್ಷ್ಯದಿಂದ ತುಳಿಯುವುದಿಲ್ಲ. ಟೋಪಿಯಂಥ ಚಿಪ್ಪಿನ ಲಿಂಪೆಟ್ ಕೂಡ ಹಾಗೆಯೇ. ಅದರ ಹಲವು ಜಾತಿಗಳು ನೀರಿದ್ದಾಗ ಮೇಯಲು ಹೋಗಿ, ಬಂಡೆಯಲ್ಲಿ ತನ್ನ ಚಿಪ್ಪಿನ ಅಂಚಿಗೆ ಸರಿಯಾಗಿ ಕೊರೆದುಕೊಂಡ ಗುರುತಿಗೇ ಮರಳುತ್ತವೆ. ಕಿತ್ತು ಬೇರೆಡೆ ಇಟ್ಟರೆ ಅಂಚು ಹೊಂದದೆ ಒಣಗಿ ಸಾಯಬಹುದು.

ಬಸ್ಸಿನ ವಿಷಯ ಚಿಕ್ಕದು, ಆದರೆ ದಿನ ಕೆಡುವುದು ಇಲ್ಲೇ. 12 ಮೀಟರ್ ಉದ್ದದ ಬಸ್ ಒಂದೇ ಸಲಕ್ಕೆ ತಿರುಗಲು ಸುಮಾರು 25 ಮೀಟರ್ ಅಗಲ ಬೇಕು. ಹಿಂಚಕ್ರದಿಂದಾಚೆಯ ಭಾಗ ತಿರುಗುವಾಗ ಹೊರಕ್ಕೆ ಬೀಸುವುದರಿಂದ ಪಕ್ಕದಲ್ಲಿ ಜನ ನಿಂತಿರಬಾರದು. ಮರಳಿನಂಚಿನ ಪಾರ್ಕಿಂಗ್ ಎಷ್ಟು ಗಟ್ಟಿ ಕಂಡರೂ ನಂಬಬೇಡಿ, ಚಕ್ರ ಹೂತರೆ ಇಳಿತ ಕೈತಪ್ಪುತ್ತದೆ. ಒಂದೇ ಬಾಗಿಲಲ್ಲಿ 45 ಜನ ಇಳಿಯಲು ಏಳೆಂಟು ನಿಮಿಷ, ಹತ್ತಲು ಹತ್ತು ನಿಮಿಷ. ನಾಲ್ಕು ನಿಲುಗಡೆಯಾದರೆ ಒಂದು ಗಂಟೆಗೂ ಮಿಕ್ಕಿ ಬಾಗಿಲಲ್ಲೇ ಹೋಗುತ್ತದೆ. ಅದಕ್ಕೇ ಮೂರಕ್ಕಿಂತ ಹೆಚ್ಚು ನಿಲುಗಡೆ ಇಟ್ಟುಕೊಳ್ಳುವುದಿಲ್ಲ. ಬಂಡೆಯಿಂದ ಬಂದವರ ಕಾಲು ತೊಳೆಯಲು 40 ಲೀಟರ್ ಸಿಹಿನೀರು, ಮೆಟ್ಟಿಲಿಗೆ ಗೋಣಿತಟ್ಟು ಕಡ್ಡಾಯ. ಉಪ್ಪುನೀರು ಬಿದ್ದ ಮೆಟ್ಟಿಲಲ್ಲಿ ಜಾರಿದರೆ ದೊಡ್ಡ ಪೆಟ್ಟೇ ಆಗುತ್ತದೆ.

ಬಂಡೆಯಾದ ಮೇಲೆ ನೇರ ಊಟ, ಗೋಡೆಗಳು ಊಟದ ನಂತರ, ನಡಿಗೆಯಲ್ಲಿ. ಊಟ ಮಾಡಿದವರನ್ನು ಕೂಡಲೇ ಕರಾವಳಿಯ ತಿರುವುಗಳಲ್ಲಿ ಕೂರಿಸಿದರೆ ಹಿಂದಿನ ಸೀಟಿನವರಿಗೆ ವಾಂತಿ ಗ್ಯಾರಂಟಿ. ಒಂದೂವರೆ ಗಂಟೆ ನಡೆದರೆ ಹೊಟ್ಟೆ ತಿಳಿಯಾಗುತ್ತದೆ. ವಾಕರಿಕೆ ಇರುವವರನ್ನು ಮುಂದಿನ ಸಾಲುಗಳಲ್ಲಿ, ರಸ್ತೆ ಕಾಣುವಂತೆ ಕೂರಿಸಬೇಕು.

ಇಡೀ ಮೀನಿನಲ್ಲಿ ತಲೆ, ಮುಳ್ಳು, ಕರುಳು ಕಳೆದು ಅರ್ಧದಷ್ಟು ಉಳಿಯುತ್ತದೆ. ಒಬ್ಬರಿಗೆ 150 ಗ್ರಾಂ ಬರಬೇಕಾದರೆ ಇಡಿಯಾಗಿ 300ರಿಂದ 350 ಗ್ರಾಂ, 45 ಜನಕ್ಕೆ 14ರಿಂದ 16 ಕಿಲೊ. ಎಲ್ಲರಿಗೂ ಹುರಿದದ್ದನ್ನೇ ಹೇಳಿದರೆ ಮೊದಲ ಬಾಣಲೆಯದು ಕೊನೆಯದು ಬರುವ ಹೊತ್ತಿಗೆ ಮೆತ್ತಗಾಗಿರುತ್ತದೆ. ಅರ್ಧ ಸಾರು, ಅರ್ಧ ಹುರಿದದ್ದು ಎಂದು ಹಂಚುವುದು ವಾಸಿ. ಬಂಗುಡೆ, ಬೂತಾಯಿ, ಕೇದರ ಇವುಗಳಲ್ಲಿ ಐಸ್‌ನ ವಿಷಯಕ್ಕೆ ರಾಜಿಯಿಲ್ಲ. ಬೆಚ್ಚಗೆ ಬಿದ್ದಿದ್ದರೆ ಬ್ಯಾಕ್ಟೀರಿಯಾಗಳು ಮಾಂಸದಲ್ಲಿ ಹಿಸ್ಟಮಿನ್ ಎಂಬ ರಾಸಾಯನಿಕ ಹುಟ್ಟಿಸುತ್ತವೆ, ಎಷ್ಟು ಬೇಯಿಸಿದರೂ ಅದು ಹೋಗದು. ತಿಂದ ಸ್ವಲ್ಪ ಹೊತ್ತಿಗೇ ಮುಖ ಕೆಂಪಾಗಿ, ತಲೆನೋವು, ದದ್ದು ಬರುತ್ತದೆ; ಅಲರ್ಜಿಯೆಂದು ತಪ್ಪು ತಿಳಿಯುವುದೇ ಹೆಚ್ಚು. ಕಿವಿರು ಕೆಂಪಾಗಿ, ಕಣ್ಣು ಉಬ್ಬಿ, ಬೆರಳೊತ್ತಿದ ಗುರುತು ಕೂಡಲೇ ಮಾಯವಾದರೆ ಮೀನು ತಾಜಾ. ಪಚ್ಚಿಲೆ ಎಂಬ ಚಿಪ್ಪುಜೀವಿ ಹಸಿಯಾಗಿದ್ದಾಗ ಬಾಯಿ ತೆರೆದಿದ್ದರೆ ತಟ್ಟಿ ನೋಡಿ. ಮುಚ್ಚಿಕೊಳ್ಳದಿದ್ದರೆ ಸತ್ತಿದೆ, ಎಸೆಯಬೇಕು. ಬೆಂದ ಮೇಲೂ ತೆರೆಯದ್ದನ್ನು ತಟ್ಟೆಗೆ ಹಾಕುವುದಿಲ್ಲ. ಪ್ರವಾಸಿಗಳು ಬಂಡೆಯಿಂದ ಕಿತ್ತ ಚಿಪ್ಪನ್ನಂತೂ ಅಡುಗೆಗೆ ಕೊಡಲೇಬಾರದು. ನೀರು ಸೋಸಿ ತಿನ್ನುವ ಜೀವಿಗಳಲ್ಲಿ ವಿಷಪಾಚಿಯ ವಿಷ ಕೂಡಿರಬಹುದು, ಅದೂ ಬೇಯಿಸಿದರೆ ಹೋಗುವಂಥದ್ದಲ್ಲ.

ಅಲರ್ಜಿ ಕೇಳುವಾಗ ಮೀನು ಬೇರೆ, ಸಿಗಡಿ-ಏಡಿ ಬೇರೆ, ಚಿಪ್ಪು-ಬೊಂಡಾಸ್ (ಸ್ಕ್ವಿಡ್) ಬೇರೆ ಎಂದು ಮೂರು ಖಾನೆ ಮಾಡಿ ಬರೆಸುತ್ತೇವೆ. ಸಿಗಡಿ ಕರಿದ ಎಣ್ಣೆಯಲ್ಲೇ ಮೀನು ಕರಿದರೆ ಖಾನೆ ಬರೆಸಿ ಏನೂ ಪ್ರಯೋಜನವಿಲ್ಲ, ಅದಕ್ಕೆ ಬೇರೆ ಬಾಣಲೆ ಇಡಿಸಬೇಕು.

ಗೋಡೆಗಳಿಗೆ ದಿಕ್ಸೂಚಿ ಹಿಡಿದು ಮೊದಲೇ ಹೋಗಿಬರಬೇಕು. ಮಧ್ಯಾಹ್ನದ ಮೇಲೆ ಬೆಳಕು ಬೀಳುವುದು ಪಶ್ಚಿಮಕ್ಕೆ ಮುಖ ಮಾಡಿದವುಗಳ ಮೇಲೆ. ಪೂರ್ವದವು ಆ ಹೊತ್ತಿಗೆ ನೆರಳಲ್ಲಿರುತ್ತವೆ, ಅವನ್ನು ಕೊನೆಗಿಟ್ಟರೆ ಬಣ್ಣ ಸಪ್ಪೆ ಕಾಣುತ್ತದೆ. ಗೋಡೆಯ ಎತ್ತರದ ಒಂದೂವರೆಯಿಂದ ಎರಡು ಪಟ್ಟು ದೂರ ನಿಲ್ಲಲು ಜಾಗವಿದೆಯೇ, ಅದು ವಾಹನ ಓಡಾಡುವ ರಸ್ತೆಯೇ ನೋಡಿಕೊಳ್ಳಿ. ಹೊರಡುವ ವಾರದೊಳಗೆ ಇನ್ನೊಮ್ಮೆ ಹೋಗಬೇಕು. ಬೀದಿ ಚಿತ್ರದ ಮೇಲೆ ರಾತ್ರೋರಾತ್ರಿ ಬೇರೊಂದು ಬರುತ್ತದೆ, ಗೋಡೆಯೇ ಬಿದ್ದಿರುತ್ತದೆ. ಕಲಾವಿದರ ಸಹಿ ಸಾಮಾನ್ಯವಾಗಿ ಕೆಳಮೂಲೆಯಲ್ಲಿರುತ್ತದೆ, ಹೆಸರು ಹೇಳದೆ ಚಿತ್ರ ತೋರಿಸಬಾರದು. ಜನ ತಮಗಾಗಿ ಫೋಟೊ ತೆಗೆದುಕೊಳ್ಳಲಿ. ಪ್ರವಾಸದ ಜಾಹೀರಾತಿಗೆ ಬಳಸುವುದಾದರೆ ಕಲಾವಿದರ ಒಪ್ಪಿಗೆ ಕೇಳಬೇಕು.

ಗೋಡೆಯ ಬುಡವನ್ನು ಬೆರಳಿನಿಂದ ಸವರಿದರೆ ಚಿತ್ರದ ಆಯಸ್ಸು ತಿಳಿಯುತ್ತದೆ. ಬಿಳಿ ಪುಡಿ ಅಂಟಿದರೆ ಅದು ಸಾಮಾನ್ಯವಾಗಿ ಉಪ್ಪು. ತೇವ ನೆಲದಿಂದ ಏರಿ, ಹೊರಮೈಯಲ್ಲಿ ಆರುವಾಗ ಉಪ್ಪು ಹರಳುಗಟ್ಟಿ ಬಣ್ಣವನ್ನು ಒಳಗಿನಿಂದ ತಳ್ಳುತ್ತದೆ. ಉಸಿರಾಡಲು ಬಿಡದ ಪ್ಲಾಸ್ಟಿಕ್ ಬಣ್ಣ ಸಿಪ್ಪೆಯಂತೆ ಏಳುತ್ತದೆ, ಸಿಲಿಕೇಟ್ ಎಂಬ ಖನಿಜದ ಬಣ್ಣ ಗಾರೆಗೇ ಬೆಸೆದುಕೊಂಡು ಹೆಚ್ಚು ಕಾಲ ನಿಲ್ಲುತ್ತದೆ. ಬಿಸಿಲಿಗೆ ಅಗ್ಗದ ಕೆಂಪು, ಹಳದಿ ಮೊದಲು ಮಾಸಿ, ಥ್ಯಾಲೊ ಎಂಬ ಗಾಢ ನೀಲಿ, ಕಾವಿಮಣ್ಣಿನ ಬಣ್ಣ ಉಳಿಯುತ್ತವೆ. ಕಡಲ ಕಡೆಯ ಹಳೆಯ ಚಿತ್ರಗಳೆಲ್ಲ ನೀಲಿಗೆ ವಾಲಿರುವುದಕ್ಕೆ ಹಲವು ಸಲ ಇದೇ ಕಾರಣ.