“ಪಾಠದಲ್ಲಿ ಇಲ್ಲ ಮಿಸ್” ಅನ್ನುವ ಮಕ್ಕಳ ಜೊತೆ

ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಐದು ಮತ್ತು ಆರನೇ ತರಗತಿಗೆ ಕನ್ನಡ ಹೇಳಿಕೊಡುತ್ತೇನೆ. ಓದಿನಲ್ಲಿ ಹಿಂದಿರುವ ಮಕ್ಕಳು ಅಂದ ತಕ್ಷಣ ನಮಗೆಲ್ಲ ನೆನಪಾಗುವುದು ಒತ್ತಕ್ಷರಕ್ಕೆ ತಡವರಿಸುವವರು. ಆದರೆ ನನ್ನನ್ನು ಜಾಸ್ತಿ ಕಾಡಿದ್ದು ಇನ್ನೊಂದು ಗುಂಪು. ಇವರು ನಿಧಾನವಾಗಿಯಾದರೂ ಓದುತ್ತಾರೆ. “ಯಾರು ಬಂದರು?” ಎಂದರೆ ಉತ್ತರ ಬರುತ್ತದೆ. “ಅವನು ಯಾಕೆ ಸುಮ್ಮನಾದ?” ಎಂದರೆ ಪುಟದ ಮೇಲೆ ಬೆರಳು ಓಡಿಸಿ, ‘ಸುಮ್ಮನಾದ’ ಅನ್ನುವ ಪದ ಎಲ್ಲಿ ಸಿಕ್ಕಿತೋ ಆ ಸಾಲನ್ನು ಹಾಗೇ ಓದಿಬಿಡುತ್ತಾರೆ. ಸಿಗದಿದ್ದರೆ, “ಪಾಠದಲ್ಲಿ ಇಲ್ಲ ಮಿಸ್.”

ಇದರಲ್ಲಿ ಮಕ್ಕಳ ತಪ್ಪಿಲ್ಲ. ವರ್ಷಗಟ್ಟಲೆ ಬಿಟ್ಟ ಸ್ಥಳ ತುಂಬಿರಿ, ಹೊಂದಿಸಿ ಬರೆಯಿರಿ, ಒಂದು ವಾಕ್ಯದಲ್ಲಿ ಉತ್ತರಿಸಿ ಅಂತಲೇ ಅವರನ್ನು ಕೇಳಲಾಗಿದೆ. ಪ್ರಶ್ನೆಯಲ್ಲಿರುವ ಪದವನ್ನು ಪಾಠದಲ್ಲಿ ಹುಡುಕಿ ಆ ಸಾಲನ್ನು ಇಳಿಸಿದರೆ ರೈಟ್ ಬೀಳುತ್ತದೆ. ಓದು ಅಂದರೆ ಇಷ್ಟೇ ಅಂತ ಅವರು ತಿಳಿದುಕೊಳ್ಳುವುದು ಸಹಜ ಅಲ್ವಾ? ಇದೇ ಮಕ್ಕಳು ಪುಸ್ತಕದ ಹೊರಗೆ ಎಷ್ಟು ಚುರುಕು ನೋಡಿ. ಬೀರುವಿನಿಂದ ಹೊಸ ಟೇಬಲ್ ಬಟ್ಟೆ ಹೊರಬಂದರೆ ಸಾಹೇಬರು ಬರ್ತಿದ್ದಾರೆ ಅಂತ ಅವರಿಗೆ ಗೊತ್ತು. ಅಪ್ಪ ಚಪ್ಪಲಿ ಬಿಡುವ ಸದ್ದಿನಲ್ಲೇ ಇವತ್ತು ದುಡ್ಡು ಕೇಳಬಹುದಾ ಬೇಡವಾ ಅಂತ ತೀರ್ಮಾನ ಮಾಡುತ್ತಾರೆ. ಅವರಿಗೆ ಊಹಿಸುವುದು ಬರುತ್ತದೆ. ಪುಸ್ತಕ ಓದುವಾಗಲೂ ಹಾಗೆ ಮಾಡಬಹುದು ಅನ್ನುವುದೇ ಗೊತ್ತಿಲ್ಲ.

ಮೊದಲು ಅಕ್ಷರ ಪೂರ್ತಿ ಬರಲಿ, ಅರ್ಥ ಆಮೇಲೆ ನೋಡೋಣ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಕನ್ನಡದ ಅಕ್ಷರ ಕಲಿಕೆ ಬಗ್ಗೆ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದಂತೆ, ಕಾಗುಣಿತ ಒತ್ತಕ್ಷರ ಎಲ್ಲ ಗಟ್ಟಿಯಾಗಲು ಒಂದನೇ, ಎರಡನೇ ತರಗತಿ ಸಾಲುವುದಿಲ್ಲ. ಅಲ್ಲಿಯವರೆಗೆ ಯೋಚನೆ ಮಾಡುವ ಓದನ್ನು ಮುಂದಕ್ಕೆ ಹಾಕುತ್ತಾ ಹೋದರೆ ಆ ಮಗು ಏಳನೇ ತರಗತಿ ದಾಟಿರುತ್ತದೆ. ಹಾಗಾಗಿ ನಾನೇ ಗಟ್ಟಿಯಾಗಿ ಓದುತ್ತೇನೆ. ಅವರು ತಮ್ಮ ಹಾಳೆಯಲ್ಲಿ ಬೆರಳಿಟ್ಟು ಜೊತೆಗೆ ಬರುತ್ತಾರೆ. ಒತ್ತಕ್ಷರದ ಅಭ್ಯಾಸಕ್ಕೆ ದಿನದಲ್ಲಿ ಬೇರೆ ಹೊತ್ತಿದೆ.

ಶುರು ಮಾಡಿದ್ದು ಒಗಟಿನಿಂದ. “ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ” ಎಂದೆ. “ಮಲ್ಲಿಗೆ!” ಅಂತ ಕೂಗಿದರು. ಒಗಟು ಅಲ್ಲಿಗೆ ಮುಗಿಯಿತು ಅಂತ ಬಿಡಬಾರದು, ನಮಗೆ ಬೇಕಾದ ಕೆಲಸ ಆಮೇಲೆ ಇರುವುದು. “ಹತ್ತಿ ಯಾಕಾಗಬಾರದು? ಅದೂ ಬೆಳ್ಳಗೇ ಇರುತ್ತಲ್ಲ” ಎಂದು ಕೇಳಿದೆ. ಸ್ವಲ್ಪ ಹೊತ್ತು ಗದ್ದಲವಾಯಿತು. ಓದಿನಲ್ಲಿ ತೀರಾ ಹಿಂದೆ ಇದ್ದ ಒಬ್ಬ ಹುಡುಗ ಎದ್ದು ನಿಂತು, “ಹತ್ತಿ ಬಿಡಿಸೋ ಹೊತ್ತಿಗೆ ಗಿಡ ಒಣಗಿರುತ್ತೆ ಮಿಸ್, ಹಸಿರು ಎಲ್ಲಿರುತ್ತೆ?” ಎಂದ. ಒಗಟಿನಲ್ಲಿದ್ದ ‘ಹಸಿರು’ ಅನ್ನುವ ಒಂದು ಪದ, ಅವನ ಹೊಲದಲ್ಲಿ ಅವನು ಕಂಡಿದ್ದು, ಎರಡನ್ನೂ ಸೇರಿಸಿ ಒಂದು ಉತ್ತರವನ್ನು ತೆಗೆದುಹಾಕಿದ್ದ. ನಾನು ಕಲಿಸಬೇಕಿದ್ದುದು ಇದನ್ನೇ. ಬೋರ್ಡಿನ ಮೇಲೆ ಅವನ ಮಾತನ್ನು ಎರಡು ಭಾಗ ಮಾಡಿ ಬರೆದು ತೋರಿಸಿದೆ: ಬರೆದಿರುವುದು, ನನಗೆ ಗೊತ್ತಿರುವುದು.

ಆಮೇಲೆ ಸಣ್ಣ ಸಣ್ಣ ಪಠ್ಯಗಳನ್ನು ನಾನೇ ಬರೆದೆ. ಪಾಠಪುಸ್ತಕದ ಪಾಠ ಉದ್ದ, ಈ ಮಕ್ಕಳು ಎರಡನೇ ಪ್ಯಾರಾಕ್ಕೆ ಬರುವಷ್ಟರಲ್ಲಿ ಸುಸ್ತಾಗಿರುತ್ತಾರೆ. ಒಂದು ಹೀಗಿತ್ತು:

“ಬಸ್ಸಿಳಿದ ರತ್ನ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡಳು. ಲಂಗ ಮೇಲೆತ್ತಿ ಮೆಲ್ಲಗೆ ಹೆಜ್ಜೆ ಹಾಕಿದಳು. ಮನೆ ಮುಂದೆ ಅಮ್ಮ ಚೊಂಬಿನಲ್ಲಿ ನೀರು ಹಿಡಿದು ನಿಂತಿದ್ದಳು. ‘ಇವತ್ತೂ ಅಂಗಡಿ ಬಾಗಿಲು ಹಾಕಿತ್ತು’ ಎಂದಳು. ಏನೂ ಮಾತಾಡದೆ ಒಳಗೆ ಹೋಗಿ ಒಲೆ ಆರಿಸಿದಳು.”

ದಾರಿ ಹೇಗಿತ್ತು ಅಂತ ಕೇಳಿದೆ. “ಪಾಠದಲ್ಲಿ ಇಲ್ಲ” ಎಂದರು ಕೆಲವರು. ಒಬ್ಬಳು “ಚಪ್ಪಲಿ ಕಿತ್ತುಹೋಗಿತ್ತು” ಎಂದಳು. ತಪ್ಪು ಅನ್ನಲಿಲ್ಲ, ಮೊದಲ ಸಾಲಿಗೆ ಅದು ಸರಿಯಾಗಿಯೇ ಹೊಂದುತ್ತದೆ. “ಹಾಗಾದ್ರೆ ಲಂಗ ಯಾಕೆ ಎತ್ತಿದಳು?” ಎಂದೆ. ಅವಳೇ ಯೋಚಿಸಿ, “ಕೆಸರು ಇರಬೇಕು ಮಿಸ್, ಅಮ್ಮ ಕಾಲು ತೊಳೆಯೋಕೆ ನೀರು ತಂದಿದ್ದಾಳೆ” ಎಂದಳು. ಮೂರು ಸಾಲಿಗೂ ಹೊಂದುವ ಉತ್ತರ ಗೆದ್ದಿತು. ಇನ್ನೊಬ್ಬ, “ಬಸ್ಸಲ್ಲಿ ಯಾರೋ ಬೈದಿದ್ದಾರೆ” ಎಂದ. ಯಾವ ಸಾಲು ಹಾಗೆ ಹೇಳುತ್ತೆ ಎಂದು ಕೇಳಿದಾಗ ಹುಡುಕಿದ, ಸಿಗಲಿಲ್ಲ, ತಾನೇ ಬಿಟ್ಟುಕೊಟ್ಟ.

ಅವಳ ಬಾಯಿಂದ ತಾನಾಗಿ ಬಂದ ‘ಇರಬೇಕು’ ನನಗೆ ದಾರಿ ತೋರಿಸಿತು. ಅವತ್ತಿನಿಂದ ನಮ್ಮ ತರಗತಿಯಲ್ಲಿ ಊಹೆಯ ಉತ್ತರಕ್ಕೆ ಎರಡೇ ಕೊನೆ. ಸಾಲುಗಳು ಒಂದೇ ಕಡೆ ಕೈ ತೋರಿಸುತ್ತಿದ್ದರೆ ‘ಇರಬೇಕು’. ಬೇರೆಯದಕ್ಕೂ ಜಾಗ ಇದ್ದರೆ ‘ಇರಬಹುದು’. ಎರಡಕ್ಕೂ ಹಿಂದೆಯೇ ಸಾಲು ತೋರಿಸಬೇಕು. ಕೆಸರು ಇರಬೇಕು. ಅಂಗಡಿ ರೇಷನ್ ಅಂಗಡಿ ಇರಬಹುದು, ಯಾಕೆಂದರೆ ಒಲೆ ಆರಿಸಿದ್ದರಿಂದ ಅಡುಗೆ ಸಾಮಾನು ತರಲು ಹೋಗಿದ್ದಳು ಅನ್ನಿಸುತ್ತದೆ, ಆದರೆ ಕಿರಾಣಿ ಅಂಗಡಿಯೂ ಆಗಬಹುದು. ಹೀಗೆ ವಾದ ಮಾಡುತ್ತಾ ಮಕ್ಕಳು ಮತ್ತೆ ಮತ್ತೆ ಪಠ್ಯಕ್ಕೆ ಹೋಗಿ ಬರುತ್ತಾರೆ. ‘ಊಹಿಸಿ’ ಅಂತ ಮಾತ್ರ ಹೇಳಿ ಬಿಟ್ಟರೆ ಬಾಯಿಗೆ ಬಂದಿದ್ದು ಹೇಳುತ್ತಾರೆ, ಅದಕ್ಕೇ ನಾನು ಆ ಪದವನ್ನು ಕಡಿಮೆ ಬಳಸುತ್ತೇನೆ. “ಏನು ಗೊತ್ತಾಗುತ್ತೆ? ಯಾವ ಸಾಲಿಂದ?” ಇಷ್ಟೇ ಕೇಳುವುದು.

ಅದೇ ಪಠ್ಯದ ಕೊನೆಯ ಎರಡು ಸಾಲನ್ನು ಬೇಕೆಂದೇ ಹೆಸರಿಲ್ಲದೆ ಬರೆದಿದ್ದೆ. ‘ಎಂದಳು’, ಯಾರು? ‘ಆರಿಸಿದಳು’, ಯಾರು? ಮನೆಯಲ್ಲಿ ಇಬ್ಬರೂ ಹೆಣ್ಣುಮಕ್ಕಳೇ, ಕ್ರಿಯಾಪದದ ಕೊನೆ ನೋಡಿದರೆ ಗೊತ್ತಾಗುವುದಿಲ್ಲ. ನಾವು ಕನ್ನಡದಲ್ಲಿ ಕರ್ತೃವನ್ನು ಸಲೀಸಾಗಿ ಬಿಟ್ಟುಬಿಡುತ್ತೇವೆ, ಓದಿ ರೂಢಿಯಿದ್ದವರು ಗಮನಕ್ಕೇ ಬಾರದಂತೆ ಅದನ್ನು ತುಂಬಿಕೊಳ್ಳುತ್ತಾರೆ. ಈ ಮಕ್ಕಳು ಎಡವುವುದು ಬಹಳ ಸಲ ಅಲ್ಲೇ. ಪೆನ್ಸಿಲಿನಿಂದ ಪ್ರತಿ ಕ್ರಿಯಾಪದದಿಂದ ಅದನ್ನು ಮಾಡಿದವರವರೆಗೆ ಗೆರೆ ಎಳೆಸುತ್ತೇನೆ. ಅವನು, ಅವಳು, ಅದು ಬಂದಾಗಲೂ ಅಷ್ಟೇ. ಹಾಗೇ ಸಣ್ಣ ಪ್ರತ್ಯಯಗಳು. ‘ಇವತ್ತೂ’ ಎಂದು ದೀರ್ಘ ಇದ್ದುದರಿಂದಲೇ ರತ್ನ ಹಿಂದೆಯೂ ಹೋಗಿ ಬರಿಗೈಯಲ್ಲಿ ಬಂದಿದ್ದಳು ಅಂತ ಗೊತ್ತಾಗುವುದು. ಅಕ್ಷರ ಕೂಡಿಸಿ ಓದುವ ಮಗು ‘ಇವತ್ತು’ ಅಂತ ಓದಿ ಮುಂದೆ ಹೋಗಿಬಿಡುತ್ತದೆ. ಎರಡೂ ಓದಿಸಿ, ಕಥೆ ಎಲ್ಲಿ ಬದಲಾಯಿತು ಅಂತ ಕೇಳಿದರೆ ಕಣ್ಣು ಅರಳುತ್ತದೆ.

ಪ್ರಶ್ನೆಗಳನ್ನು ವಿಂಗಡಿಸುವುದೂ ತುಂಬಾ ಉಪಯೋಗಕ್ಕೆ ಬಂತು. ಅಮೆರಿಕದ ಶಿಕ್ಷಣ ಸಂಶೋಧಕಿ ಟ್ಯಾಫಿ ರಾಫೆಲ್ 1980ರ ದಶಕದಲ್ಲಿ ರೂಪಿಸಿದ ಕ್ರಮ ಇದಕ್ಕೆ ಆಧಾರ, ನಾನು ನಮ್ಮ ಮಕ್ಕಳಿಗೆ ಸರಳ ಮಾಡಿಕೊಂಡೆ. ‘ಇಲ್ಲೇ ಇದೆ’, ‘ಸಾಲು ಜೋಡಿಸಬೇಕು’, ‘ನನಗೆ ಗೊತ್ತಿರೋದೂ ಬೇಕು’. ಉತ್ತರ ಬರೆಯುವ ಮೊದಲು ಪ್ರಶ್ನೆ ಯಾವ ಗುಂಪಿನದು ಅಂತ ಹೇಳಬೇಕು. “ಪಾಠದಲ್ಲಿ ಇಲ್ಲ” ಅನ್ನುವ ಮಾತು ಕ್ರಮೇಣ “ಇದು ಜೋಡಿಸೋದು ಮಿಸ್” ಅಂತಾಯಿತು.

ಒಂದು ವಿಷಯ ಎಲ್ಲ ಶಿಕ್ಷಕರೂ ನೆನಪಿಡಬೇಕು. ಮಗು ಊಹಿಸದಿದ್ದರೆ ಅದು ಬುದ್ಧಿಯ ಕೊರತೆ ಅಂತ ತೀರ್ಮಾನಿಸಬೇಡಿ. ಜೂನ್ ತಿಂಗಳಲ್ಲಿ ದೋಣಿ ದಡದಲ್ಲಿ ಕಟ್ಟಿ ಮನೆಯಲ್ಲಿ ಬಲೆ ಹೆಣೆಯುತ್ತಾ ಕೂತ ಮೀನುಗಾರನ ಬಗ್ಗೆ ಓದಿದಾಗ ನಮ್ಮ ಬಯಲುಸೀಮೆ ಮಕ್ಕಳು ಅವನನ್ನು ಸೋಮಾರಿ ಅಂದರು. ಕರಾವಳಿಯಲ್ಲಿ ಜೂನ್, ಜುಲೈ ತಿಂಗಳು ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ, ಮಳೆಗಾಲ, ಮೀನು ಮರಿ ಮಾಡುವ ಕಾಲ ಅನ್ನುವುದು ಅವರಿಗೆ ಎಲ್ಲಿಂದ ಗೊತ್ತಿರಬೇಕು? ಇಂಥದ್ದನ್ನು ಮೊದಲೇ ನೇರವಾಗಿ ಹೇಳಿಬಿಡಬೇಕು, ಸುಮ್ನೆ ಕೆದಕುತ್ತಾ ಕೂರಬಾರದು.

ಕಿರುಪರೀಕ್ಷೆಯಲ್ಲಿ ಇಂಥ ಒಂದು ಪ್ರಶ್ನೆ ಇಟ್ಟು, ಸಾಲು ತೋರಿಸಿದ್ದಕ್ಕೂ ಅಂಕ ಕೊಡುತ್ತೇನೆ. ಅಂಕ ಇಲ್ಲದಿದ್ದರೆ ಮಕ್ಕಳೂ ನಂಬುವುದಿಲ್ಲ, ಮನೆಯವರೂ ನಂಬುವುದಿಲ್ಲ.

ಈಗ ಅವರೇ ನಾಲ್ಕು ಸಾಲು ಬರೆದು, ಹೇಳಬೇಕಾದ್ದನ್ನು ಅಡಗಿಸಿ, ಬೇರೆಯವರಿಂದ ಕಂಡುಹಿಡಿಸುತ್ತಾರೆ. ಆ ಹತ್ತಿ ಗಿಡದ ಹುಡುಗ ಬರೆದಿದ್ದು: “ಅಜ್ಜ ಕಂಬಳಿ ಹೊದ್ದುಕೊಂಡ. ಬ್ಯಾಟರಿಗೆ ಸೆಲ್ ಹಾಕಿದ. ‘ಮೂರು ಗಂಟೆಗೆ ಕೊಡ್ತಾರಂತೆ’ ಎಂದ.” ಅರ್ಧ ತರಗತಿ ಒಟ್ಟಿಗೆ ಕೂಗಿತು, ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟ್, ನೀರು ಕಟ್ಟೋಕೆ ಹೊರಟಿದ್ದಾನೆ ಅಂತ. ರಾತ್ರಿ ಅನ್ನುವುದಕ್ಕೆ ಬ್ಯಾಟರಿ ಮತ್ತು ಕಂಬಳಿ ತೋರಿಸಿದರು, ಯಾರೋ ಅಜ್ಜನಿಗೆ ಸುದ್ದಿ ಹೇಳಿದ್ದಾರೆ ಅನ್ನುವುದಕ್ಕೆ ‘ಅಂತೆ’ ತೋರಿಸಿದರು. ಹುಡುಗ ಒತ್ತಕ್ಷರದಲ್ಲಿ ಇನ್ನೂ ತಪ್ಪುತ್ತಾನೆ. ಬೆಳಗಿನ ಅಭ್ಯಾಸದ ಗುಂಪಿನಲ್ಲಿ ಅವನನ್ನು ಈಗಲೂ ಇಟ್ಟುಕೊಂಡಿದ್ದೇನೆ.